ತಲೆಗಿಷ್ಟು, ತಿಂಗಳಿಗಿಷ್ಟು

ಬೆಂಗಳೂರಿನ ಪೀಣ್ಯದಲ್ಲಿ ಲೇತ್ ಕೊಳ್ಳಲು ಬಂದವನನ್ನು ‘ಇದರ ಮೇಲೆ ಎಷ್ಟು ಜನ ಕೆಲಸ ಮಾಡ್ತಾರೆ?’ ಎಂದು ಮಾರುವವನು ಕೇಳುವುದಿಲ್ಲ. ದುಡ್ಡು ಎಣಿಸಿ, ಲಾರಿಯಲ್ಲಿ ತಂದು, ಫೌಂಡೇಶನ್ ಬೋಲ್ಟ್ ಬಿಗಿದ ಮೇಲೆ ಅದು ಮೂರು ಶಿಫ್ಟ್ ಓಡಲಿ, ಒಂದೇ ಶಿಫ್ಟ್ ಓಡಲಿ, ಕೇಳುವವರಿಲ್ಲ. ಎಚ್‌ಎಂಟಿಯ ಎನ್‌ಎಚ್ 22 ಲೇತುಗಳು ನಮ್ಮ ಏರಿಯಾದಲ್ಲಿ ಇವತ್ತಿಗೂ ಚಿಪ್ ಉದುರಿಸುತ್ತಿವೆ. ಕೊಂಡ ಅಪ್ಪ ತೀರಿಕೊಂಡು ಮಗ ಓಡಿಸುತ್ತಿರುವ ಶೆಡ್‌ಗಳೂ ಇವೆ. ಇಂಥ ಲೆಕ್ಕದಲ್ಲಿ ಬೆಳೆದ ಓನರ್‌ಗಳಿಗೆ ಮೇಲ್ ಸರ್ವರಿನ ಕೊಟೇಶನ್ ಬಿಡಿಸಿ ಹೇಳುವುದು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ನನ್ನ ಹೊಟ್ಟೆಪಾಡು. ಪೀಣ್ಯ ಎರಡನೇ ಹಂತದಲ್ಲಿ ಒಂದು ಬಾಡಿಗೆ ಮಳಿಗೆ, ಸುತ್ತಮುತ್ತಲ ಸಣ್ಣ ಕಾರ್ಖಾನೆಗಳ ಕಂಪ್ಯೂಟರ್‌ಗಳಿಗೆ ಎಎಂಸಿ, ಅಂದರೆ ವರ್ಷದ ನಿರ್ವಹಣಾ ಕರಾರು. ಟೂಲ್ ರೂಮ್, ಪೌಡರ್ ಕೋಟಿಂಗ್, ಶೀಟ್ ಮೆಟಲ್, ಒಂದೆರಡು ಗಾರ್ಮೆಂಟ್ಸು. ಬಹುತೇಕ ಕಡೆ ಮೇಜಿನ ಮುಂದೆ ಕೂರುವವರು ಹತ್ತು ಜನ, ಮಿಷನ್ ಮುಂದೆ ನಿಲ್ಲುವವರು ನೂರು ಜನ.

ಈ ಕೊಟೇಶನ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟೇ: ಕಾಲಕಾಲಕ್ಕೆ ಮಾರುವವರು ಎಣಿಸುವ ವಸ್ತು ಬದಲಾಗಿದೆ. ಮೊದಲು ಗಂಟೆ ಎಣಿಸಿದರು, ಆಮೇಲೆ ತಲೆ, ಆಮೇಲೆ ತಿಂಗಳು. ಓನರ್‌ಗಳು ಪ್ರತಿ ಸಲವೂ ಆ ಎಣಿಕೆಗೆ ಒಂದು ಅಡ್ಡದಾರಿ ಹುಡುಕಿದ್ದಾರೆ. ಪೀಣ್ಯದ ಇ-ಮೇಲ್ ಚರಿತ್ರೆ ಎಂದರೆ ಹೆಚ್ಚುಕಡಿಮೆ ಈ ಅಡ್ಡದಾರಿಗಳ ಚರಿತ್ರೆ.

ಬೆಂಗಳೂರಿನ ಹೊರವಲಯದ ಕಥೆ ಹೇಳುವವರು ಬೇರೆ ಕಡೆಯಿಂದ ಶುರುಮಾಡುತ್ತಾರೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದದ್ದು, ಅದರ ಉಪಗ್ರಹ ಸಂಪರ್ಕದ ಸಾಮಗ್ರಿ ಎತ್ತಿನ ಗಾಡಿಯಲ್ಲಿ ಸಾಗಿದ್ದು, 1991ರಲ್ಲಿ ಎಸ್‌ಟಿಪಿಐ ಹುಟ್ಟಿದ್ದು, ಆಮೇಲೆ ವೈಟ್‌ಫೀಲ್ಡಿನಲ್ಲಿ ಸಿಂಗಪುರದವರು, ಟಾಟಾದವರು, ನಮ್ಮ ಸರ್ಕಾರ ಸೇರಿ ಐಟಿಪಿಎಲ್ ಕಟ್ಟಿದ್ದು. ಎಲ್ಲವೂ ನಿಜವೇ. ಎಲೆಕ್ಟ್ರಾನಿಕ್ ಸಿಟಿಯೂ ಪೀಣ್ಯವೂ ಒಂದೇ ಕಾಲದ ಕೂಸುಗಳು. 1970ರ ದಶಕದ ಕೊನೆಗೆ ರಾಜ್ಯ ಸರ್ಕಾರದ ಕಿಯೋನಿಕ್ಸ್‌ನ ಆರ್. ಕೆ. ಬಾಳಿಗ ಅವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಊರು ಕಟ್ಟಲು ಹೊರಟಾಗ, ಇತ್ತ ತುಮಕೂರು ರಸ್ತೆಯ ಪಕ್ಕದಲ್ಲಿ ಸಣ್ಣ ಕೈಗಾರಿಕೆಯ ಶೆಡ್‌ಗಳು ಏಳುತ್ತಿದ್ದವು. ಆದರೆ ಲೈಸೆನ್ಸ್ ವಿಷಯಕ್ಕೆ ಬಂದರೆ ಆ ಊರು ಬೇರೆ, ಈ ಊರು ಬೇರೆ. ಅಲ್ಲಿನ ದೊಡ್ಡ ಕಂಪನಿಗೆ ಸಾವಿರಾರು ಜನರ ಲೆಕ್ಕದಲ್ಲಿ ಒಂದೇ ಒಪ್ಪಂದ, ಅದಕ್ಕೆ ಸಹಿ ಹಾಕಲು ಒಂದು ಖರೀದಿ ವಿಭಾಗ, ರಿಯಾಯಿತಿ ಚೌಕಾಸಿ ಮಾಡಲು ಇನ್ನೊಂದು ವಿಭಾಗ. ಇಲ್ಲಿ ಓನರ್, ಅಕೌಂಟೆಂಟ್, ನಾನು. ನಡುವೆ ಮೂರು ಲೋಟ ಟೀ.

ಗಂಟೆ ಎಣಿಸುವ ಕಾಲದಿಂದ ಶುರುಮಾಡೋಣ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಬಿಟ್ಟಿತು. ಮೊದಲು ನಾಲ್ಕು ಮಹಾನಗರ, ಬೆಂಗಳೂರಿಗೆ ಆಮೇಲೆ. ಖಾಸಗಿ ಬಳಕೆಗೆ 250 ಗಂಟೆಗೆ 5,000 ರೂಪಾಯಿ, ಕಂಪನಿಗಳಿಗೆ ಅದಕ್ಕಿಂತ ಎಷ್ಟೋ ಜಾಸ್ತಿ. ವೇಗ ಸೆಕೆಂಡಿಗೆ 9.6 ಕಿಲೋಬಿಟ್. ನಾನು ಈ ಕಸುಬಿಗೆ ಕಾಲಿಡುವ ಹೊತ್ತಿಗೆ ಪೀಣ್ಯದ ಆಫೀಸುಗಳಲ್ಲಿ ಒಂದು ರೂಢಿ ಬೇರೂರಿತ್ತು. ಇಡೀ ಕಂಪನಿಗೆ ಒಂದೇ ಮೇಲ್ ವಿಳಾಸ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮೋಡೆಮ್ ಕಿರುಚುತ್ತಿತ್ತು. ಬಂದದ್ದನ್ನೆಲ್ಲ ಇಳಿಸಿಕೊಂಡು ತಕ್ಷಣ ಲೈನ್ ಕಟ್. ಆಮೇಲೆ ಟೈಪಿಸ್ಟ್ ಎಲ್ಲವನ್ನೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಮುದ್ರಿಸಿ, ಇನ್‌ವರ್ಡ್ ರಿಜಿಸ್ಟರಿನಲ್ಲಿ ನಂಬರ್ ಹಾಕಿ, ಪರ್ಚೇಸ್‌ನವರಿಗೆ, ಸ್ಟೋರ್ಸ್‌ನವರಿಗೆ, ಓನರ್‌ಗೆ ಹಂಚುತ್ತಿದ್ದಳು. ಉತ್ತರವನ್ನೂ ಕೈಬರಹದಲ್ಲಿ ಬರೆದು ಅವಳಿಗೇ ಕೊಡಬೇಕು. ಹಳೆಯ ಟೆಲೆಕ್ಸ್, ಫ್ಯಾಕ್ಸಿನ ಶಿಸ್ತನ್ನೇ ಇ-ಮೇಲ್ ಮೇಲೆ ಹೊದಿಸಿದ್ದರು. ಹೊರಗಿನವರಿಗೆ ಹಾಸ್ಯಾಸ್ಪದವಾಗಿ ಕಾಣಬಹುದು. ಗಂಟೆಗೆ ದುಡ್ಡು ತೆರುವ ಕಡೆ ಅದಕ್ಕಿಂತ ಜಾಣ ವ್ಯವಸ್ಥೆ ನನಗಂತೂ ಹೊಳೆಯುವುದಿಲ್ಲ.

ಹಾಟ್‌ಮೇಲ್ ಬಂತು. 1996ರಲ್ಲಿ ಅದನ್ನು ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಶಾಲೆ ಕಲಿತವರು ಎಂಬ ಸಂಗತಿ ಗೊತ್ತಾದ ಮೇಲೆ ಪೀಣ್ಯದ ವಿಸಿಟಿಂಗ್ ಕಾರ್ಡುಗಳ ಮೇಲೆ ಅದೊಂದು ಬಗೆಯ ಹೆಮ್ಮೆಯಿಂದಲೇ ಅಚ್ಚಾಗುತ್ತಿತ್ತು. ಪುಕ್ಕಟೆ, ಮತ್ತು ನಮ್ಮೂರ ಹುಡುಗನದು! ಆದರೆ ಜರ್ಮನಿಗೋ ಇಟಲಿಗೋ ಪಾರ್ಟ್ಸ್ ಕಳಿಸುವ ಆಸೆ ಇಟ್ಟುಕೊಂಡವರಿಗೆ ಹಾಟ್‌ಮೇಲ್ ವಿಳಾಸ ಸಾಲಲಿಲ್ಲ. ಅಲ್ಲಿನ ಖರೀದಿದಾರ ಕಂಪನಿ ಹೆಸರಿನ ವಿಳಾಸ ಕೇಳುತ್ತಿದ್ದ. 1998ರ ಕೊನೆಗೆ ಖಾಸಗಿಯವರಿಗೂ ಇಂಟರ್‌ನೆಟ್ ಸೇವೆ ತೆರೆದ ಮೇಲೆ ಡೊಮೈನ್, ಅದರ ಜೊತೆಗೊಂದು ಮೇಲ್‌ಬಾಕ್ಸ್ ಸುಲಭವಾಯಿತು. ಆ ಒಂದು ಬಾಕ್ಸಿಗೆ ಬಿದ್ದ ಎಲ್ಲ ಮೇಲನ್ನೂ ಆಫೀಸಿನ ಮೂಲೆಯ ಒಂದು ಕಂಪ್ಯೂಟರ್ ಇಳಿಸಿಕೊಂಡು, ವಿಳಾಸ ನೋಡಿ ಒಳಗೇ ಹಂಚುವ ವ್ಯವಸ್ಥೆ ಮಾಡುತ್ತಿದ್ದೆವು. ಟೈಪಿಸ್ಟ್ ಮಾಡುತ್ತಿದ್ದ ಕೆಲಸವನ್ನು ಎಂಡೀಮನ್ ಎಂಬ ಅಮೆರಿಕದ ಸಾಫ್ಟ್‌ವೇರೋ, ಲಿನಕ್ಸಿನ ಫೆಚ್‌ಮೇಲೋ ಮಾಡುತ್ತಿತ್ತು. ಪೀಣ್ಯದ ಮೊದಲ ‘ಮೇಲ್ ಸರ್ವರ್’ಗಳು ಇವೇ.

ಇಲ್ಲೇ ಲೈಸೆನ್ಸ್ ತಕರಾರು ಶುರುವಾದದ್ದು. ನಮ್ಮ ಓನರ್‌ಗಳಿಗೆ ಸಾಫ್ಟ್‌ವೇರ್ ಎಂದರೆ ಟ್ಯಾಲಿ. ಬೆಂಗಳೂರಿನದೇ ಕಂಪನಿ. ಶ್ಯಾಮಸುಂದರ ಗೋಯೆಂಕಾ, ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಲ್ಲಿ ಶುರುಮಾಡಿದ್ದು. ಸ್ವತಃ ಕಾರ್ಖಾನೆಗಳಿಗೆ ಸಾಮಾನು ಪೂರೈಸುತ್ತಿದ್ದ ತಂದೆಗೆ ತಕ್ಕ ಲೆಕ್ಕದ ಸಾಫ್ಟ್‌ವೇರ್ ಸಿಗದೆ ಮಗನಿಂದ ಬರೆಸಿದ್ದಂತೆ. ಟ್ಯಾಲಿಯಲ್ಲಿ ಆಗ ಎರಡೇ ದರ: ಒಂದೇ ಕಂಪ್ಯೂಟರಿಗೆ ಒಂದು, ಆಫೀಸಿನ ಎಲ್ಲ ಕಂಪ್ಯೂಟರಿಗೂ ಸೇರಿ ಇನ್ನೊಂದು. ಅಕೌಂಟ್ಸಿನಲ್ಲಿ ಐದು ಜನ ಇರಲಿ, ಹದಿನೈದು ಜನ ಇರಲಿ, ದರ ಅದೇ. ಕೊಂಡವನದು ಶಾಶ್ವತ. ಈ ಲೆಕ್ಕ ಓನರ್‌ಗೆ ತಟ್ಟನೆ ಅರ್ಥವಾಗುತ್ತಿತ್ತು, ಯಾಕೆಂದರೆ ಅದು ಮಿಷನ್ ಕೊಳ್ಳುವ ಲೆಕ್ಕವೇ.

ಮೈಕ್ರೋಸಾಫ್ಟಿನ ಲೆಕ್ಕ ಹಾಗಿರಲಿಲ್ಲ. ಎಕ್ಸ್‌ಚೇಂಜ್ ಮೇಲ್ ಸರ್ವರ್ ಹಾಕಬೇಕಾದರೆ ಮೊದಲು ವಿಂಡೋಸ್ ಸರ್ವರಿನ ಲೈಸೆನ್ಸ್, ಅದನ್ನು ಮುಟ್ಟುವ ಪ್ರತಿಯೊಬ್ಬರಿಗೆ ಒಂದು ಕ್ಯಾಲ್, ಅದರ ಮೇಲೆ ಎಕ್ಸ್‌ಚೇಂಜಿನದೇ ಲೈಸೆನ್ಸ್, ಮತ್ತೆ ಪ್ರತಿಯೊಬ್ಬರಿಗೆ ಇನ್ನೊಂದು ಕ್ಯಾಲ್. ಕ್ಯಾಲ್ ಎಂದರೆ ಡಬ್ಬಿಯಲ್ಲಿ ಬರುವ ಒಂದು ಕಾಗದ. ಸಿ.ಡಿ. ಇಲ್ಲ, ಇನ್‌ಸ್ಟಾಲ್ ಮಾಡಲು ಬಹಳ ಸಲ ಏನೂ ಇಲ್ಲ, ಸರ್ವರನ್ನು ಮುಟ್ಟುವ ಹಕ್ಕು ಮಾತ್ರ. ಒಬ್ಬ ಓನರ್ ಆ ಕಾಗದವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು: ‘ಏನ್ರೀ, ಸರ್ವರ್‌ಗೂ ಕೊಟ್ಟೆ, ಅದನ್ನ ನನ್ನ ಹುಡುಗರು ಮುಟ್ಟೋದಕ್ಕೂ ಕೊಡಬೇಕಾ?’

ಸಣ್ಣ ಕಂಪನಿಗಳಿಗಾಗಿಯೇ ಅವರು ಎಸ್‌ಬಿಎಸ್ ಎಂಬ ಸ್ಮಾಲ್ ಬಿಸಿನೆಸ್ ಸರ್ವರ್ ತಂದಿದ್ದರು. 1997ರಿಂದಲೇ ಇತ್ತು, ಆದರೆ ಪೀಣ್ಯದಲ್ಲಿ ನನಗೆ ಅನ್ನ ಕೊಟ್ಟದ್ದು 2003ರ ಆವೃತ್ತಿ. ವಿಂಡೋಸ್, ಎಕ್ಸ್‌ಚೇಂಜ್ ಎರಡೂ ಒಂದೇ ಡಬ್ಬಿಯಲ್ಲಿ, ಎರಡಕ್ಕೂ ಸೇರಿ ಒಂದೇ ಕ್ಯಾಲ್. ಅಮೆರಿಕದ ಪಟ್ಟಿ ಬೆಲೆ 5 ಜನಕ್ಕೆ 599 ಡಾಲರ್. ಇನ್ನೂ 5 ಜನ ಸೇರಿಸಲು 489 ಡಾಲರ್. ಸರ್ವರಿನ ಬೆಲೆಗೂ ಐದು ತಲೆಯ ಬೆಲೆಗೂ ಇರುವ ಅಂತರ ನೋಡಿ: ಮಾರುತ್ತಿದ್ದುದು ನಿಜವಾಗಿ ಏನನ್ನು ಎಂಬುದು ಆ ಎರಡು ಸಂಖ್ಯೆಯಲ್ಲೇ ಇದೆ. 40 ಜನರ ಆಫೀಸಿಗೆ 4,022 ಡಾಲರ್, ಅಂದಿನ 45 ರೂಪಾಯಿ ದರದಲ್ಲಿ ಸುಮಾರು 1 ಲಕ್ಷ 80 ಸಾವಿರ, ತೆರಿಗೆ ಬೇರೆ. 75 ಜನ ದಾಟಿದರೆ ಎಸ್‌ಬಿಎಸ್ ನಡೆಯುತ್ತಿರಲಿಲ್ಲ. ಟ್ರಾನ್ಸಿಷನ್ ಪ್ಯಾಕ್ ಎಂಬ ಇನ್ನೊಂದು ಡಬ್ಬಿ ಕೊಂಡು ದೊಡ್ಡವರ ಪಟ್ಟಿಗೆ ಸೇರಬೇಕಿತ್ತು.

ಇದರಲ್ಲಿ ಪೀಣ್ಯಕ್ಕೆ ಹೇಳಿಮಾಡಿಸಿದಂಥ ಒಂದು ಕಲಮು ಇತ್ತು. ಕ್ಯಾಲನ್ನು ಮನುಷ್ಯನ ಲೆಕ್ಕದಲ್ಲೂ ಕೊಳ್ಳಬಹುದು, ಕಂಪ್ಯೂಟರಿನ ಲೆಕ್ಕದಲ್ಲೂ ಕೊಳ್ಳಬಹುದು. ಸಾಫ್ಟ್‌ವೇರ್ ಕಂಪನಿಯಲ್ಲಿ ಒಬ್ಬನಿಗೆ ಎರಡು ಕಂಪ್ಯೂಟರ್. ಅಲ್ಲಿ ತಲೆ ಎಣಿಸಿದರೆ ಲಾಭ. ನಮ್ಮಲ್ಲಿ ಸ್ಟೋರ್ಸಿನ ಒಂದೇ ಕಂಪ್ಯೂಟರಿನ ಮುಂದೆ ಮೂರು ಶಿಫ್ಟಿಗೆ ಮೂವರು. ಇಲ್ಲಿ ಡಬ್ಬ ಎಣಿಸಿದರೆ ಲಾಭ. ಕ್ವಾಲಿಟಿ, ಡಿಸ್ಪ್ಯಾಚ್, ಸೆಕ್ಯುರಿಟಿ ಗೇಟು, ಎಲ್ಲ ಕಡೆಯೂ ಹಾಗೆಯೇ. ಮೂರು ಶಿಫ್ಟಿನ ಒಂದು ಗಾರ್ಮೆಂಟ್ಸ್ ಘಟಕಕ್ಕೆ ಬೇರೆಯವರು ತಲೆ ಲೆಕ್ಕದಲ್ಲಿ ಕೊಟ್ಟಿದ್ದ ಕೊಟೇಶನ್ನನ್ನು ನಾನು ಕಂಪ್ಯೂಟರ್ ಲೆಕ್ಕಕ್ಕೆ ತಿರುಗಿಸಿ ಬರೆದುಕೊಟ್ಟೆ. ಮೊತ್ತ ಅರ್ಧಕ್ಕಿಂತ ಕೆಳಗೆ ಇಳಿಯಿತು. ಆ ಓನರ್ ಇವತ್ತಿಗೂ ಮಗಳ ಮದುವೆ, ಮೊಮ್ಮಗನ ನಾಮಕರಣ ಎಲ್ಲಕ್ಕೂ ಕರೆಯುತ್ತಾರೆ.

ಕೊಳ್ಳುವ ಬದಲು ಇನ್ನೊಂದು ದಾರಿಯೂ ಇತ್ತು, ಎಸ್.ಪಿ. ರೋಡಿನ ದಾರಿ. ಅಲ್ಲಿನ ನಕಲಿ ಸಿ.ಡಿ.ಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಗೊತ್ತಿರುವವರಿಗೆ ಗೊತ್ತಿದೆ. ಕಾನೂನು ಮಾತ್ರ ಸ್ಪಷ್ಟವಾಗಿತ್ತು. 1994ರ ತಿದ್ದುಪಡಿಯಿಂದ ಕಾಪಿರೈಟ್ ಕಾಯ್ದೆಗೆ 63ಬಿ ಕಲಮು ಸೇರಿ, ಕದ್ದ ಪ್ರೋಗ್ರಾಮನ್ನು ಗೊತ್ತಿದ್ದೂ ಬಳಸುವವನಿಗೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ನ್ಯಾಸ್ಕಾಮ್, ಬಿಎಸ್‌ಎ ಸಂಸ್ಥೆಗಳು ದೂರು ಕೊಡಲು ಫೋನ್ ನಂಬರ್ ಪ್ರಕಟಿಸಿದ್ದವು. ಕೆಲಸ ಬಿಟ್ಟ ಒಬ್ಬ ಸಿಟ್ಟಿನ ಹುಡುಗ ಸಾಕಿತ್ತು. ಹಾಗಾಗಿ ಪೀಣ್ಯದಲ್ಲಿ ಅಸಲಿ ಲೈಸೆನ್ಸ್ ಮಾರಾಟ ಹೆಚ್ಚಿಸಿದ್ದು ನನ್ನಂಥವರ ಉಪದೇಶವಲ್ಲ, ಆ ಹುಡುಗನ ಭಯ.

ಲಿನಕ್ಸ್ ಈ ಭಯಕ್ಕೆ ಸಿಕ್ಕ ಉತ್ತರ. 2001ರಿಂದ ಬೆಂಗಳೂರಿನಲ್ಲಿ ವರ್ಷವರ್ಷ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ನಡೆಯುತ್ತಿತ್ತು, ಆಮೇಲೆ ಅದೇ ಫಾಸ್.ಇನ್ ಆಯಿತು. ಡೀಪ್‌ರೂಟ್ ಲಿನಕ್ಸ್ ಎಂಬ ಬೆಂಗಳೂರಿನ ಕಂಪನಿ ಡೀಪೋಫಿಕ್ಸ್ ಎಂಬ ಮೇಲ್ ಸರ್ವರನ್ನೇ ಸಿದ್ಧ ರೂಪದಲ್ಲಿ ಕೊಡುತ್ತಿತ್ತು. ಪೋಸ್ಟ್‌ಫಿಕ್ಸ್, ಸ್ಕ್ವಿರಲ್‌ಮೇಲ್, ಸ್ಪ್ಯಾಮ್ ಅಸ್ಯಾಸಿನ್, ಯಾವುದಕ್ಕೂ ಲೈಸೆನ್ಸ್ ಹಣವಿಲ್ಲ, ತಲೆ ಎಣಿಕೆಯಿಲ್ಲ. ನನ್ನ ಕೂಲಿ ಮಾತ್ರ. ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಲಿನಕ್ಸ್ ಪುಕ್ಕಟೆ ಎಂದು ಕೊಂಡವರಿಗೆ ಅದು ಪುಕ್ಕಟೆ ಬೀಳಲಿಲ್ಲ. ರೆಡ್ ಹ್ಯಾಟ್‌ನವರು 2004ರ ಏಪ್ರಿಲ್‌ನಲ್ಲಿ ರೆಡ್ ಹ್ಯಾಟ್ ಲಿನಕ್ಸ್ 9ರ ಬೆಂಬಲ ನಿಲ್ಲಿಸಿ, ಬೇಕಿದ್ದರೆ ವರ್ಷದ ಚಂದಾ ಕಟ್ಟಿ ಎಂದರು. ಎಲ್ಲರೂ ರೆಡ್ ಹ್ಯಾಟಿನದೇ ಉಚಿತ ಪ್ರತಿರೂಪವಾದ ಸೆಂಟ್ ಓಎಸ್‌ಗೆ ಓಡಿದೆವು. ಅದರ 8ನೇ ಆವೃತ್ತಿ 2021ರ ಕೊನೆಗೆ ಅಕಾಲದಲ್ಲಿ ತೀರಿಕೊಂಡಿತು. ಜಿಂಬ್ರಾ ಎಂಬ ಒಳ್ಳೆಯ ಮುಕ್ತ ಮೇಲ್ ಸರ್ವರ್ ಯಾಹೂ, ವಿಎಂವೇರ್ ಎಂದು ಕೈಯಿಂದ ಕೈಗೆ ದಾಟಿ, ಕಡೆಗೆ ಸಿದ್ಧಪಡಿಸಿದ ಉಚಿತ ಕಂತೆಯನ್ನು 8.8.15ಕ್ಕೇ ನಿಲ್ಲಿಸಿತು. ಅದರ ಉಚಿತ ಆವೃತ್ತಿಯಲ್ಲಿ ಮೈಕ್ರೋಸಾಫ್ಟಿನ ಔಟ್‌ಲುಕ್ ಜೋಡಿಸುವ ಕೊಂಡಿ ಇರಲಿಲ್ಲ, ಅದು ಹಣದ ಆವೃತ್ತಿಗೆ ಮಾತ್ರ. ಓನರ್‌ಗಳ ಮಕ್ಕಳಿಗೆ ಔಟ್‌ಲುಕ್ಕೇ ಬೇಕಿತ್ತು.

ಇನ್ನೊಂದು ಖರ್ಚನ್ನು ಯಾವ ಕೊಟೇಶನ್ನೂ ತೋರಿಸುತ್ತಿರಲಿಲ್ಲ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾವನ್ ಬ್ರಾಡ್‌ಬ್ಯಾಂಡ್ ಬಂತು. ಮೇಲ್ ನೇರವಾಗಿ ಕಾರ್ಖಾನೆಗೇ ಬರಬೇಕು ಎಂದರೆ ಸ್ಥಿರ ಐಪಿ ವಿಳಾಸ ಬೇಕು, ಅದರ ಹಿಂದಿನ ಹೆಸರು ಸರಿಯಾಗಿ ದಾಖಲಾಗಿರಬೇಕು. ಇಲ್ಲದಿದ್ದರೆ 2007ರಿಂದ ಸ್ಪ್ಯಾಮ್‌ಹೌಸ್‌ನವರು ಇಟ್ಟ ತಡೆಪಟ್ಟಿಗೆ ಸೇರಿ, ಜರ್ಮನಿಗೆ ಕಳಿಸಿದ ಡ್ರಾಯಿಂಗ್ ಹಿಂದಕ್ಕೆ ಪುಟಿಯುತ್ತದೆ. ಆ ಡ್ರಾಯಿಂಗ್‌ಗಳದೇ ಇನ್ನೊಂದು ಪಾಡು. ಎಸ್‌ಬಿಎಸ್ 2003ರ ಎಕ್ಸ್‌ಚೇಂಜ್ ಮೊದಲು 16 ಜಿಬಿ ಮುಟ್ಟಿದರೆ ಡೇಟಾಬೇಸನ್ನೇ ಕೆಳಗಿಳಿಸಿ ಕೂರುತ್ತಿತ್ತು. ಟೂಲ್ ರೂಮಿನವರು ಆಟೋಕ್ಯಾಡ್ ಫೈಲನ್ನು ಮೂರು ಸಲ ತಿದ್ದಿ ಮೂರು ಸಲ ಎಲ್ಲರಿಗೂ ಕಳಿಸಿದರೆ 16 ಜಿಬಿ ಎಷ್ಟು ದಿನ ತಾಳೀತು? 2005ರ ಅಕ್ಟೋಬರಿನ ಸರ್ವಿಸ್ ಪ್ಯಾಕ್ ಅದನ್ನು 75ಕ್ಕೆ ಏರಿಸಿದಾಗ ನಾನು ಕೆಲವು ಕಡೆ ಸಿಹಿ ಹಂಚಿಸಿದ್ದುಂಟು. ಇವೆಲ್ಲದರ ಜೊತೆಗೆ ಬೆಸ್ಕಾಂ ಕರೆಂಟು, ಯುಪಿಎಸ್ ಬ್ಯಾಟರಿ, ಬೇಸಿಗೆಯಲ್ಲಿ ಸರ್ವರ್ ಕೋಣೆಗೆ ಎ.ಸಿ. ಸರ್ವರ್ ಲೈಸೆನ್ಸಿನ ಬೆಲೆಯ ಬಗ್ಗೆ ತಿಂಗಳುಗಟ್ಟಲೆ ಚೌಕಾಸಿ ಮಾಡುವ ಓನರ್ ಬ್ಯಾಟರಿಯನ್ನು ಒಂದೇ ಮಾತಿಗೆ ಕೊಳ್ಳುತ್ತಿದ್ದರು. ಬ್ಯಾಟರಿ ಕಣ್ಣಿಗೆ ಕಾಣುತ್ತದಲ್ಲ.

ಹೊಸದಕ್ಕೆ ಬದಲಾಯಿಸುವ ಮಾತು ಬಂದಾಗ ಇನ್ನೂ ಗೋಜಲು. 2003ರ ಕ್ಯಾಲ್ ಜೊತೆ ಔಟ್‌ಲುಕ್ ಬಳಸುವ ಹಕ್ಕೂ ಬರುತ್ತಿತ್ತು. ಎಕ್ಸ್‌ಚೇಂಜ್ 2007ರಿಂದ ಅದನ್ನು ಕಿತ್ತುಹಾಕಿದರು. ಜೊತೆಗೆ 64 ಬಿಟ್ ಮಿಷನ್ ಬೇಕೇಬೇಕು ಎಂದರು, ಅಂದರೆ ಹಳೆಯ ಸರ್ವರ್ ಗುಜರಿಗೆ. ಹಳೆಯ ಕ್ಯಾಲ್ ಕೂಡ ಹೊಸದಕ್ಕೆ ನಡೆಯುವುದಿಲ್ಲ. ಹೀಗಾಗಿ ಪೀಣ್ಯ ಏನು ಮಾಡಿತೆಂದರೆ, ಏನೂ ಮಾಡಲಿಲ್ಲ. 2003ರ ಸರ್ವರನ್ನೇ ಹತ್ತು ವರ್ಷ ಓಡಿಸಿತು. 2014ರ ಏಪ್ರಿಲ್ 8ರಂದು ವಿಂಡೋಸ್ ಎಕ್ಸ್‌ಪಿಯ ಜೊತೆಯಲ್ಲೇ ಎಕ್ಸ್‌ಚೇಂಜ್ 2003ರ ಬೆಂಬಲವೂ ನಿಂತ ಮೇಲೂ ಓಡಿಸಿದವರನ್ನು ಬಲ್ಲೆ. ಎಸ್‌ಬಿಎಸ್ ಎಂಬ ವಂಶವೇ 2011ರ ಆವೃತ್ತಿಗೆ ಮುಗಿದಿತ್ತು.

ಅಷ್ಟರಲ್ಲಿ ಗೂಗಲ್ ಬಂದು ಕೂತಿತ್ತು. 2006ರ ಆಗಸ್ಟಿನಲ್ಲಿ ‘ನಿಮ್ಮ ಡೊಮೈನ್ ತನ್ನಿ, ಮೇಲ್ ಪುಕ್ಕಟೆ’ ಎಂದಾಗ ನನ್ನ ಗಿರಾಕಿಗಳಲ್ಲಿ ಮೊದಲು ನಂಬಿದವರು ಯಾರೂ ಇಲ್ಲ. ‘ನಮ್ಮ ಪರ್ಚೇಸ್ ಆರ್ಡರ್ ಅಮೆರಿಕದಲ್ಲಿ ಕೂರಬೇಕಾ?’ ಎಂದವರೇ ಹೆಚ್ಚು. 2007ರ ಫೆಬ್ರುವರಿಯ ಹಣದ ಆವೃತ್ತಿಗೆ ತಲೆಗೆ ವರ್ಷಕ್ಕೆ 50 ಡಾಲರ್. 40 ಜನಕ್ಕೆ 2,000 ಡಾಲರ್. ಎರಡು ವರ್ಷ ಕಟ್ಟಿದರೆ ಎಸ್‌ಬಿಎಸ್ ಕೊಂಡಷ್ಟೇ ಆಗುತ್ತದೆ, ಮೂರನೆಯ ವರ್ಷದಿಂದ ನಷ್ಟ ಎಂದು ಅಕೌಂಟೆಂಟ್‌ಗಳು ಕಾಗದದ ಮೇಲೆ ತೋರಿಸಿದರು. ಕಾಗದದ ಮೇಲೆ ಅವರು ಹೇಳಿದ್ದು ಸರಿ, ಡಾಲರಿನ ವಿಷಯ ಸೇರಿಸಿದರೆ ಇನ್ನೂ ಸರಿ. 2007ರಲ್ಲಿ 44 ರೂಪಾಯಿಯಿದ್ದ ಡಾಲರ್ 2013ರ ಆಗಸ್ಟಿನಲ್ಲಿ 68 ದಾಟಿತು. ಆದರೆ ಪುಕ್ಕಟೆ ಆವೃತ್ತಿ ಎದುರಿಗಿರುವಾಗ ಹಣದ ಲೆಕ್ಕ ಯಾರಿಗೆ ಬೇಕು? 2009ರಲ್ಲಿ ಪುಕ್ಕಟೆ ಮಿತಿಯನ್ನು 50 ತಲೆಗೆ ಇಳಿಸಿದರು. ಪೀಣ್ಯದ ಆಫೀಸುಗಳು ಆ ಐವತ್ತರೊಳಗೆ ಸಲೀಸಾಗಿ ಹಿಡಿಸುತ್ತಿದ್ದವು. 2011ರಲ್ಲಿ ಹತ್ತಕ್ಕೆ ಇಳಿಯಿತು. 2012ರ ಡಿಸೆಂಬರಿನಲ್ಲಿ ಹೊಸಬರಿಗೆ ಬಾಗಿಲು ಮುಚ್ಚಿತು. ಒಳಗೆ ಇದ್ದವರು ಹತ್ತು ವರ್ಷ ನೆಮ್ಮದಿಯಾಗಿದ್ದರು. 2022ರ ಜನವರಿಯಲ್ಲಿ ಅವರಿಗೂ ನೋಟಿಸ್ ಬಂತು: ಇನ್ನು ದುಡ್ಡು ಕಟ್ಟಿ.

ತೆರಿಗೆಯ ಕಥೆ ಸ್ವಲ್ಪ ನೀರಸ, ಆದರೆ ಬೆಂಗಳೂರಿನ ಕೈವಾಡ ಅದರಲ್ಲಿ ಜಾಸ್ತಿ ಇರುವುದರಿಂದ ಬಿಡಲಾರೆ. ಡಬ್ಬಿಯ ಸಾಫ್ಟ್‌ವೇರ್ ಸರಕು ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಟಿಸಿಎಸ್ ಪ್ರಕರಣದಲ್ಲಿ ಹೇಳಿತು, ಆದ್ದರಿಂದ ವ್ಯಾಟ್. ಸಾಫ್ಟ್‌ವೇರ್ ಸೇವೆಯೂ ಹೌದು ಎಂದು 2008ರಲ್ಲಿ ಕೇಂದ್ರ ಸರ್ಕಾರ ಹೇಳಿತು. ಆದ್ದರಿಂದ ಸೇವಾ ತೆರಿಗೆ. ಮಾರುವವರು ಹೆದರಿ ಎರಡನ್ನೂ ಹಾಕಿದ ಬಿಲ್ಲುಗಳನ್ನು ನಾನೇ ಕಂಡಿದ್ದೇನೆ. ಮೂರನೆಯದಾಗಿ, ವಿದೇಶದಿಂದ ನೇರವಾಗಿ ಕೊಂಡ ಸಾಫ್ಟ್‌ವೇರಿಗೆ ಕೊಡುವ ಹಣ ರಾಯಲ್ಟಿ, ಅದರಲ್ಲಿ ಟಿಡಿಎಸ್ ಹಿಡಿಯಬೇಕು ಎಂದು ಕರ್ನಾಟಕ ಹೈಕೋರ್ಟ್ 2011ರಲ್ಲಿ ತೀರ್ಪಿತ್ತಿತು. ಅಮೆರಿಕದ ಮಾರಾಟಗಾರ ತನ್ನ ಬೆಲೆಯಲ್ಲಿ ಒಂದು ಸೆಂಟೂ ಬಿಡುವುದಿಲ್ಲ. ಹಾಗಾಗಿ ಆ ತೆರಿಗೆಯೂ ಕೊಳ್ಳುವವನ ತಲೆಗೇ. 2017ರ ಜಿಎಸ್‌ಟಿ ಮೊದಲೆರಡನ್ನು 18 ಪರ್ಸೆಂಟಿನ ಒಂದೇ ಸಾಲಿಗೆ ತಂದಿತು, ಕ್ರೆಡಿಟ್ಟೂ ಸಿಗುವಂತಾಯಿತು. ರಾಯಲ್ಟಿ ಜಗಳ ಮಾತ್ರ ಬಗೆಹರಿದದ್ದು 2021ರ ಮಾರ್ಚ್ 2ರಂದು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಕಂಪನಿ ಹೂಡಿದ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್, ಕೊಂಡವನಿಗೆ ಸಿಕ್ಕಿರುವುದು ಬಳಸುವ ಹಕ್ಕು ಮಾತ್ರ, ಕಾಪಿರೈಟಿನಲ್ಲಿ ಪಾಲಲ್ಲ, ಹಾಗಾಗಿ ಅದು ರಾಯಲ್ಟಿಯೂ ಅಲ್ಲ ಎಂದಿತು.

ಅದೇ ದಿನ, 2021ರ ಮಾರ್ಚ್ 2ರಂದೇ, ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರಿನ ನಾಲ್ಕು ಭಾರೀ ತೂತುಗಳಿಗೆ ತುರ್ತು ತೇಪೆ ಬಿಟ್ಟಿತು. ಜಗತ್ತಿನಾದ್ಯಂತ ಕಳ್ಳರು ಆಗಲೇ ಒಳಹೊಕ್ಕಿದ್ದರು. ದೆಹಲಿಯಲ್ಲಿ ಲೈಸೆನ್ಸಿನ ತೆರಿಗೆ ಹಗುರಾದ ದಿನವೇ ಸ್ವಂತ ಸರ್ವರ್ ಇಟ್ಟುಕೊಳ್ಳುವ ಧೈರ್ಯವೂ ಹೋಯಿತು. ಲಾಕ್‌ಡೌನ್ ಆ ಧೈರ್ಯವನ್ನು ಮೊದಲೇ ಅಲುಗಾಡಿಸಿತ್ತು. 2020ರ ಮಾರ್ಚ್ ಕೊನೆಯ ವಾರ ಪೀಣ್ಯಕ್ಕೆ ಬೀಗ ಬಿದ್ದಾಗ ಕಾರ್ಖಾನೆಯೊಳಗಿನ ಸರ್ವರ್‌ಗಳೂ ಒಳಗೇ ಉಳಿದವು. ಕರೆಂಟು ಹೋಗಿ ಯುಪಿಎಸ್ ಬರಿದಾದರೆ ಮತ್ತೆ ಒತ್ತಲು ಒಳಗೆ ಯಾರೂ ಇಲ್ಲ. ಮನೆಯಲ್ಲಿ ಕೂತ ಓನರ್‌ಗಳು ಫೋನ್ ಮಾಡುತ್ತಿದ್ದರು: ‘ಸ್ವಾಮಿ, ಅದೇನೋ ಮೋಡದ ಮೇಲ್ ಇದೆಯಲ್ಲ, ಇವತ್ತೇ ಹಾಕ್ಬಿಡಿ. ರೇಟು ಆಮೇಲೆ ಮಾತಾಡೋಣ.’ ರೇಟು ಆಮೇಲೆ ಎಂದು ಪೀಣ್ಯದ ಓನರ್ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.

ರೇಟು ಆಮೇಲೆ ಬಂದೇ ಬಂತು. ಗೂಗಲ್ ವರ್ಕ್‌ಸ್ಪೇಸಿನ ತೀರಾ ಕೆಳಗಿನ ದರ್ಜೆ 2020ರಲ್ಲಿ ತಲೆಗೆ ತಿಂಗಳಿಗೆ 125 ರೂಪಾಯಿ. 40 ಜನಕ್ಕೆ ವರ್ಷಕ್ಕೆ 60,000. ಚೆನ್ನೈನ ಜೋಹೋದಲ್ಲಿ ಆಗ ಐದು ಜನರವರೆಗೆ ಪುಕ್ಕಟೆ, ಆಮೇಲಿನ ಚಿಕ್ಕ ದರ್ಜೆಗೆ ತಿಂಗಳಿಗೆ 59. ಅದೇ 40 ಜನಕ್ಕೆ 28,320. ಮೈಕ್ರೋಸಾಫ್ಟ್‌ನವರು 2022ರಿಂದ, ವರ್ಷಕ್ಕೆ ಬದ್ಧರಾಗದೆ ತಿಂಗಳ ಕರಾರಿನಲ್ಲಿ ಕೊಂಡರೆ 20 ಪರ್ಸೆಂಟ್ ಜಾಸ್ತಿ ಎಂದು ನಿಯಮ ಮಾಡಿದರು. ಸೀಸನ್‌ಗೆ ಜನ ತೆಗೆದುಕೊಂಡು ಸೀಸನ್ ಮುಗಿದ ಮೇಲೆ ಬಿಡುವ ಕಾರ್ಖಾನೆಗಳಿಗೆ ಇದು ಚುಚ್ಚಿತು. ಐದು ಲೈಸೆನ್ಸಿಗೇ ರಿಯಾಯಿತಿ ಕೊಡುತ್ತಿದ್ದ ಅವರ ಓಪನ್ ಲೈಸೆನ್ಸ್ ಯೋಜನೆಯೂ 2021ರ ಕೊನೆಗೆ ಬಂದ್.

ಕಂಪ್ಯೂಟರ್ ಲೆಕ್ಕದ ಕ್ಯಾಲ್ ಈ ಹೊಸ ಲೋಕದಲ್ಲಿ ಇಲ್ಲ. ಸ್ಟೋರ್ಸಿನ ಮೂವರು ಮೂರು ತಲೆಯೇ. ಶಾಪ್‌ಫ್ಲೋರಿನವರಿಗೆಂದು ಕಿಯಾಸ್ಕ್ ಎಂಬ 2 ಜಿಬಿಯ ಅಗ್ಗದ ದರ್ಜೆಯೊಂದನ್ನು ಮೈಕ್ರೋಸಾಫ್ಟ್ ಇಟ್ಟಿದೆ. ಆದರೆ ಪೀಣ್ಯ ಅದಕ್ಕಿಂತ ಅಗ್ಗದ ದಾರಿಯನ್ನು ತಾನೇ ಕಂಡುಕೊಂಡಿತು. ಮನುಷ್ಯರ ಹೆಸರಿನ ಮೇಲ್ ಅಳಿಸಿ ಪರ್ಚೇಸ್, ಸ್ಟೋರ್ಸ್, ಡಿಸ್ಪ್ಯಾಚ್, ಕ್ವಾಲಿಟಿ ಎಂಬ ಹೆಸರಿನ ಹಂಚಿಕೆಯ ಪೆಟ್ಟಿಗೆಗಳು. ಮೈಕ್ರೋಸಾಫ್ಟಿನಲ್ಲಿ 50 ಜಿಬಿಯವರೆಗೆ ಅಂಥ ಪೆಟ್ಟಿಗೆಗೆ ಬೇರೆ ಲೈಸೆನ್ಸ್ ಬೇಡ, ತೆರೆಯುವವನಿಗೆ ಇದ್ದರೆ ಸಾಕು. ನಿಯಮದೊಳಗೇ ಇರುವ ಜಾಣತನ. ಒಂದೇ ಪಾಸ್‌ವರ್ಡನ್ನು ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಬರೆದು ಮೂರು ಶಿಫ್ಟೂ ಒಂದೇ ಖಾತೆ ಬಳಸುವುದು ನಿಯಮದಾಚೆಯ ಜಾಣತನ, ಅದೂ ಇದೆ. ನೀವು ಪೀಣ್ಯದ ಕಾರ್ಖಾನೆಗೆ ಬರೆದ ಮೇಲಿಗೆ ‘ಡಿಯರ್ ಸರ್, ನೋಟೆಡ್, ಸ್ಟೋರ್ಸ್’ ಎಂದಷ್ಟೇ ಉತ್ತರ ಬಂದರೆ ಬೇಸರ ಬೇಡ. ಬರೆದವನಿಗೆ ಹೆಸರಿದೆ, ಅದಕ್ಕೆ ಲೈಸೆನ್ಸ್ ಇಲ್ಲ ಅಷ್ಟೆ.

ಸ್ವಂತ ಸರ್ವರೇ ಇರಲಿ ಎನ್ನುವ ಇಬ್ಬರು ಮೂವರು ಹಠಮಾರಿಗಳು ನನ್ನಲ್ಲಿ ಇನ್ನೂ ಇದ್ದಾರೆ. ಡ್ರಾಯಿಂಗ್ ಹೊರಗೆ ಹೋಗಬಾರದು ಎಂದು ಗಿರಾಕಿಯೇ ಕರಾರು ಹಾಕಿದ್ದರಿಂದ ಒಬ್ಬರು, ‘ನನ್ನ ಮನೆ, ನನ್ನ ಪೆಟ್ಟಿಗೆ’ ಎನ್ನುವ ಸ್ವಭಾವದಿಂದ ಇನ್ನೊಬ್ಬರು. ಎಕ್ಸ್‌ಚೇಂಜ್ 2016 ಮತ್ತು 2019 ಎರಡರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮುಂದಿನದು 2025ರ ಜುಲೈನಲ್ಲಿ ಬಂದ ಸಬ್‌ಸ್ಕ್ರಿಪ್ಷನ್ ಎಡಿಷನ್. ಸರ್ವರ್ ನಿಮ್ಮ ಕೋಣೆಯಲ್ಲೇ ಇರಬಹುದು, ಬ್ಯಾಟರಿ ನಿಮ್ಮದೇ, ಕರೆಂಟು ನಿಮ್ಮದೇ, ಚಂದಾ ಮಾತ್ರ ಕಟ್ಟುತ್ತಲೇ ಇರಬೇಕು. ಒಂದು ಸಲ ಕೊಂಡು ಮರೆಯುವ ಬಾಗಿಲು ಅಲ್ಲಿಗೆ ಮುಚ್ಚಿತು. ಡ್ರಾಯಿಂಗಿನ ಓನರ್‌ಗೆ ಪೋಸ್ಟ್‌ಫಿಕ್ಸ್, ಡವ್‌ಕಾಟ್ ಹಾಕಿಕೊಟ್ಟು ಲಿನಕ್ಸಿಗೆ ತಿರುಗಿಸುತ್ತಿದ್ದೇನೆ. ಇನ್ನೊಬ್ಬರು ಕೊನೆಗೂ ಮಣಿದು, ಔಟ್‌ಲುಕ್ ಬೇಕೇಬೇಕಾದ ಹನ್ನೆರಡು ಜನಕ್ಕೆ ಮೈಕ್ರೋಸಾಫ್ಟ್, ಉಳಿದವರಿಗೆ ಜೋಹೋ ಎಂದು ಒಂದೇ ಡೊಮೈನನ್ನು ಎರಡು ಮನೆ ಮಾಡಿಸಿದ್ದಾರೆ. ಎರಡು ಕಡೆಯ ದಾರಿ ಕೂಡಿಸಿ ಕಾಯುವುದು ಒಂದು ಸರ್ವರ್ ಕಾಯುವುದಕ್ಕಿಂತ ಹೆಚ್ಚಿನ ಕೆಲಸ.

ಆ ಕೆಲಸಕ್ಕೆ ನಾನು ಕೊಟ್ಟ ಎಎಂಸಿ ಕೊಟೇಶನ್ ಈಗ ಅವರ ಮೇಜಿನ ಮೇಲಿದೆ. ಎಲ್ಲರೂ ಮಾಡುವುದನ್ನು ನೋಡಿ ನಾನೂ ಅದನ್ನು ಪೆಟ್ಟಿಗೆಗೆ ಇಷ್ಟು, ತಿಂಗಳಿಗೆ ಇಷ್ಟು ಎಂದು ಬರೆದಿದ್ದೆ. ಓನರ್ ಕನ್ನಡಕ ಹಣೆಗೇರಿಸಿ ಓದಿದರು, ಅಕೌಂಟೆಂಟ್ ಕಡೆ ತಿರುಗಿದರು. ‘ಇವರಿಗೂ ಬಂತಲ್ಲಪ್ಪ ಈ ಕಾಯಿಲೆ. ಹೊಡೆದಾಕು. ವರ್ಷಕ್ಕೊಂದು ಲಮ್‌ಸಮ್ ಮಾಡಿ, ದೀಪಾವಳಿ ಹೊತ್ತಿಗೆ ಚೆಕ್ ಬರೆದುಬಿಡು.’ ಮೊತ್ತ ಇನ್ನೂ ಕುದುರಿಲ್ಲ. ಗುರುವಾರ ಮತ್ತೆ ಕೂರಬೇಕು.